ತಂಗಿಯ ಮೊದಲ ಲ್ಯಾಪ್‌ಟಾಪ್: ರ‍್ಯಾಮ್ ಹಾಕೋಕೆ ಜಾಗ ಇದೆಯಾ ಅಂತ ಮೊದಲು ನೋಡಿ

ನಮಸ್ಕಾರ ಎಲ್ರಿಗೂ. ಟೇಬಲ್ ಮೇಲೆ ಕಾಣ್ತಿರೋದು ನನ್ನ ತಂಗಿ ಬರೆಯೋ ಪುಸ್ತಕ. ಯೂನಿವರ್ಸಿಟಿಗೆ ಸೇರ್ತಿದಾಳೆ, ಸಂಖ್ಯಾಶಾಸ್ತ್ರ ತಗೊಂಡಿದಾಳೆ. ಅವಳಿಗೆ ಮೊದಲನೇ ಲ್ಯಾಪ್‌ಟಾಪ್ ಕೊಳ್ಳಬೇಕು. ಎಷ್ಟು ಖರ್ಚು ಮಾಡಬಹುದು ಅನ್ನೋದು ಮನೇಲಿ ಆಗ್ಲೇ ತೀರ್ಮಾನ ಆಗಿದೆ, ಅದರ ಮೇಲೆ ಹೋಗೋ ಹಾಗಿಲ್ಲ. ಪುಟದ ಎಡಗಡೆ ಅವಳು ಬರೆದಿದಾಳೆ: ತೆಳ್ಳಗಿರಬೇಕು, ಹಗುರ ಇರಬೇಕು, ಹೊಸದಾಗಿರಬೇಕು. ಬಲಗಡೆ ನಾನು ಬರೆದಿರೋದು ಒಂದೇ ಸಾಲು. ಆಮೇಲೆ ಬದಲಾಯಿಸೋಕೆ ಆಗದೇ ಇರೋದಕ್ಕೆ ಮೊದಲು ದುಡ್ಡು ಹಾಕು.

ಲ್ಯಾಪ್‌ಟಾಪ್ ನೋಡೋಕೆ ಮುಂಚೆ ಕೋರ್ಸಿಗೆ ಯಾವ ಸಾಫ್ಟ್‌ವೇರ್ ಬೇಕು ಅಂತ ಕೇಳ್ಕೊಂಡು ಬಾ ಅಂದಿದ್ದೆ, ಕೇಳ್ಕೊಂಡು ಬಂದಿದಾಳೆ. ಇದನ್ನ ದಯವಿಟ್ಟು ಬಿಡ್ಬೇಡಿ. ಯಂತ್ರದ ಭಾಗ ವಿನ್ಯಾಸ ಮಾಡೋ ಸಾಲಿಡ್‌ವರ್ಕ್ಸ್ ಕಲಿಯೋರಿಗೆ ವಿಂಡೋಸ್ ಬೇಕೇ ಬೇಕು. ಐಫೋನ್ ಆ್ಯಪ್ ಬರೆಯೋಕೆ ಎಕ್ಸ್‌ಕೋಡ್ ಬೇಕು, ಅದು ಮ್ಯಾಕ್‌ನಲ್ಲಿ ಮಾತ್ರ ಓಡುತ್ತೆ. ತಂಗಿಗೆ ಬೇಕಾಗಿರೋದು ಆರ್ ಅನ್ನೋ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆ, ಪೈಥಾನ್, ಸ್ಪ್ರೆಡ್‌ಶೀಟ್. ಮೂರೂ ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಸಿಗುತ್ತೆ. ಅಲ್ಲಿಗೆ ಅವಳಿಗೆ ಗ್ರಾಫಿಕ್ಸ್ ಕಾರ್ಡ್ ಬೇಡ, ಗೇಮಿಂಗ್ ಲ್ಯಾಪ್‌ಟಾಪ್ ಬೇಡ. ಆದ್ರೆ ಆರ್‌ನಲ್ಲಿ ಡೇಟಾ ತೆರೆದ್ರೆ ಅದು ಸಾಮಾನ್ಯವಾಗಿ ಪೂರ್ತಿ ರ‍್ಯಾಮ್‌ನಲ್ಲೇ ಕೂರುತ್ತೆ. ರ‍್ಯಾಮ್ ಅಂದ್ರೆ ತೆರೆದಿಟ್ಟ ಕೆಲಸ ಎಲ್ಲ ಆ ಹೊತ್ತಿಗೆ ಕೂರೋ ಮೆಮೊರಿ. ಹಾಗಾಗಿ ಅವಳಿಗೆ ರ‍್ಯಾಮ್ ಮುಖ್ಯ.

ಇದು ಒಂದು ಹೊಸ ಲ್ಯಾಪ್‌ಟಾಪ್ ಮಾರೋ ವೆಬ್ ಪುಟದ ಸ್ಕ್ರೀನ್ ರೆಕಾರ್ಡಿಂಗ್. ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ನನಗೆ ನಿಜವಾಗ್ಲೂ ಸಿಟ್ಟು ಬರೋ ಜಾಗ ಇದು. ಪುಟದ ಮೇಲ್ಗಡೆ ದಪ್ಪ ಅಕ್ಷರದಲ್ಲಿ 8 ಜಿಬಿ ರ‍್ಯಾಮ್ ಅಂತಿದೆ. ಸರಿ. ಈ 8 ಜಿಬಿ ಮುಂದೆ 16 ಆಗುತ್ತಾ? ಅದನ್ನ ಎಲ್ಲೂ ಹೇಳಿಲ್ಲ. ಕೆಳಗೆ ಹೋಗಿ, ಇನ್ನೂ ಕೆಳಗೆ ಹೋಗಿ, ‘ಆನ್‌ಬೋರ್ಡ್’ ಅಂತ ಒಂದು ಪದ ಇದೆ ನೋಡಿ. ಆ ಪದ ಕಂಡ್ರೆ ರ‍್ಯಾಮನ್ನ ಮದರ್‌ಬೋರ್ಡಿಗೇ ಬೆಸುಗೆ ಹಾಕಿದಾರೆ ಅಂತ ಅರ್ಥ. ರ‍್ಯಾಮ್ ಬಗೆ ಎಲ್‌ಪಿಡಿಡಿಆರ್5 ಅಂತಿದ್ರೂ ಹೆಚ್ಚುಕಮ್ಮಿ ಅದೇ ಕಥೆ. ಕೊಳ್ಳೋ ದಿನ ಎಷ್ಟಿತ್ತೋ ಕೊನೇವರೆಗೂ ಅಷ್ಟೇ. ಕೆಲವು ಮಾಡೆಲ್‌ಗಳಲ್ಲಿ 8 ಬೆಸುಗೆ ಹಾಕಿ, ಪಕ್ಕದಲ್ಲಿ ಒಂದು ಸ್ಲಾಟ್ ಖಾಲಿ ಬಿಟ್ಟಿರ್ತಾರೆ, ಅದು ಪರವಾಗಿಲ್ಲ. ಕೆಲವದ್ರಲ್ಲಿ ಎರಡೂ ಸ್ಲಾಟ್ ಇರುತ್ತೆ, ಅದು ಇನ್ನೂ ಒಳ್ಳೇದು. ಬೆಳೆಯೋ ಮಕ್ಕಳ ಬಟ್ಟೆಗೆ ಹೊಲಿಗೆ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರ್ತಾರಲ್ಲ, ಆ ಖಾಲಿ ಸ್ಲಾಟ್ ಹಾಗೆ. ಈಗ ದುಡ್ಡಿಲ್ಲ, ಎರಡನೇ ವರ್ಷ ಇರಬಹುದು. ಆಗ ಬಿಚ್ಚಿ ಹಾಕ್ಬಹುದು. ಬಜೆಟ್ ಕಮ್ಮಿ ಇರೋ ವಿದ್ಯಾರ್ಥಿಗೆ ಇದಕ್ಕಿಂತ ಮುಖ್ಯವಾದ ಮಾಹಿತಿ ಯಾವುದು ಹೇಳಿ? ಅದನ್ನೇ ಪುಟದ ತಳದಲ್ಲಿ ಇಟ್ಟಿದಾರೆ. ಮೇಲೆ ಏನಿದೆ? ಸ್ಪೀಕರ್ ಬಗ್ಗೆ ಎರಡು ದೊಡ್ಡ ಚಿತ್ರ. ವಿಂಡೋಸ್ 11ಕ್ಕೆ 4 ಜಿಬಿ ಸಾಕು ಅಂತ ಕನಿಷ್ಠ ಅಗತ್ಯದ ಪಟ್ಟಿ ಹೇಳುತ್ತೆ. ವಿಂಡೋಸ್ ತೆರೆಯೋಕೆ ಸಾಕು, ಓದೋಕೆ ಸಾಲಲ್ಲ. ಪಾಠದ ವಿಡಿಯೋ, ಪಿಡಿಎಫ್, ಬ್ರೌಸರ್ ಟ್ಯಾಬ್‌ಗಳು, ಹಿಂದೆ ಆರ್. 8 ಜಿಬಿ ಬೇಗ ತುಂಬುತ್ತೆ. 4 ಜಿಬಿದನ್ನ ಯಾರೇ ಕೊಟ್ರೂ ತಗೋಬೇಡಿ.

ಪ್ರೊಸೆಸರ್ ಸಂಖ್ಯೆ ದೊಡ್ಡದಿದ್ರೆ ಹೊಸದು ಅನ್ಕೋಬೇಡಿ. ಎಎಂಡಿ ಕಂಪನಿಯ ರೈಜೆನ್ 7000 ಲ್ಯಾಪ್‌ಟಾಪ್ ಸರಣಿಯಲ್ಲಿ ಮೂರನೇ ಅಂಕಿ ನೋಡಿ. ರೈಜೆನ್ 5 7520ಯು ಅಂದ್ರೆ ಮೂರನೇ ಅಂಕಿ 2, ಅಂದ್ರೆ ಝೆನ್ 2. ಅದು 2019ರಲ್ಲಿ ಬಂದ ವಿನ್ಯಾಸ, ಈ ಚಿಪ್ಪಲ್ಲಿ ನಾಲ್ಕು ಕೋರ್, ಅಂದ್ರೆ ಲೆಕ್ಕ ಮಾಡೋ ಘಟಕ. 7530ಯು ಅಂದ್ರೆ ಝೆನ್ 3, ಆರು ಕೋರ್. ಬರೀ ಒಂದಂಕಿ ವ್ಯತ್ಯಾಸ. ಸಾಲದ್ದಕ್ಕೆ 7520ಯುಗೆ ಎಲ್‌ಪಿಡಿಡಿಆರ್5 ಮಾತ್ರ ಹೊಂದುತ್ತೆ, ಅಂದ್ರೆ ಮತ್ತೆ ಅದೇ ಬೆಸುಗೆ.

ಸ್ಟೋರೇಜ್ ಬಗ್ಗೆ ನಾನು ತಲೆ ಕೆಡಿಸ್ಕೊಳ್ಳಲ್ಲ. ಎನ್‌ವಿಎಂಇ ಎಸ್‌ಎಸ್‌ಡಿ ಅನ್ನೋ ವೇಗದ ಸ್ಟೋರೇಜ್ ಇರಲಿ, 256 ಜಿಬಿ ಸಾಕು, ಸಾಮಾನ್ಯವಾಗಿ ಬದಲಾಯಿಸ್ಬಹುದು. ಇಎಂಎಂಸಿ ಅಂತಿದ್ರೆ ಮಾತ್ರ ಬೇಡ, ಅದು ನಿಧಾನ, ಬಹುತೇಕ ಅದನ್ನೂ ಬೆಸುಗೆ ಹಾಕಿರ್ತಾರೆ. ಅಂದ್ಹಾಗೆ 256 ಅಂತ ಕೊಂಡ್ಮೇಲೆ ವಿಂಡೋಸ್‌ನಲ್ಲಿ 238 ಕಾಣ್ಸುತ್ತೆ. ಗಾಬರಿ ಆಗ್ಬೇಡಿ, ಯಾರೂ ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ. ಈ 1024 ಯಾಕೆ ಬಂತು ಅನ್ನೋದು ತುಂಬ ಚೆಂದದ ವಿಷಯ. ಎರಡನ್ನ ಎರಡರಿಂದ ಗುಣಿಸ್ತಾ ಹೋದ್ರೆ ಹತ್ತನೇ ಘಾತದಲ್ಲಿ... ಶಾಟ್ ಮುಗೀತು, ಇನ್ನೊಂದ್ಸಲ ಹೇಳ್ತೀನಿ.

ಈ ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್. ಪರಿಚಯದವರೊಬ್ಬರು ನೋಡೋಕೆ ಕೊಟ್ಟಿದಾರೆ. ತಂಗಿ ಮುಖ ನೋಡಿ, ಬೇಡ ಅಂತಿದಾಳೆ. ನಾನೂ ಮೊದಲ ಲ್ಯಾಪ್‌ಟಾಪ್ ಹೊಸದೇ ಇರಲಿ, ವಾರಂಟಿ ಇರುತ್ತೆ ಅಂತ್ಲೇ ಹೇಳ್ತಿದ್ದೆ. ಆದ್ರೆ ಇದರ ಟಾಸ್ಕ್ ಮ್ಯಾನೇಜರ್ ತೆರೆದ್ಮೇಲೆ ನನ್ನ ಅಭಿಪ್ರಾಯ ಬದಲಾಯ್ತು. ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಬಲಗಡೆ ಕೆಳಗೆ ಎರಡು ಸ್ಲಾಟ್‌ನಲ್ಲಿ ಒಂದು ಮಾತ್ರ ಬಳಕೆಯಲ್ಲಿದೆ ಅಂತ ತೋರಿಸ್ತಿದೆ. ಫಾರ್ಮ್ ಫ್ಯಾಕ್ಟರ್ ಎಸ್‌ಒಡಿಐಎಂಎಂ, ಅಂದ್ರೆ ಸ್ಲಾಟಿಗೆ ಹಾಕಿ ತೆಗೆಯೋ ರ‍್ಯಾಮ್. ಅಲ್ಲಿ ‘ರೋ ಆಫ್ ಚಿಪ್ಸ್’ ಅಂತಿದ್ರೆ ಬೆಸುಗೆ ಅಂತ ತಿಳ್ಕೊಳ್ಳಿ. ಆಫೀಸ್ ಬಳಕೆಗೆ ಬರೋ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಥರದವು ಹಳೇದಾದ್ರೂ ಎಷ್ಟೋ ಮಾಡೆಲ್‌ಗಳಲ್ಲಿ ಹಿಂಬದಿ ಬಿಚ್ಚಿ ರಿಪೇರಿ ಮಾಡೋಕೆ ಸುಲಭ. ಕೀಬೋರ್ಡೂ ಗಟ್ಟಿ.

ಇಂಟೆಲ್ ಆದ್ರೆ 8ನೇ ತಲೆಮಾರಿಗಿಂತ ಹಳೇದು ಬೇಡವೇ ಬೇಡ. ವಿಂಡೋಸ್ 11ಕ್ಕೆ ಹೆಚ್ಚುಕಮ್ಮಿ ಅಲ್ಲಿಂದಲೇ ಅಧಿಕೃತ ಬೆಂಬಲ ಶುರು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇದು 10ನೇ ತಲೆಮಾರಿನ ಐ5, ತೊಂದರೆ ಇಲ್ಲ. ಪೂರ್ತಿ ರೀಸೆಟ್ ಮಾಡಿ ಮತ್ತೆ ಸೆಟಪ್ ಮಾಡ್ತಿದೀನಿ, ಯಾಕಂದ್ರೆ ಈ ಹಂತದಲ್ಲಿ ಯಾವುದೋ ಕಂಪನಿಯ ಲಾಗಿನ್ ಕೇಳಿದ್ರೆ ಅದು ಇನ್ನೂ ಅವರ ಹಿಡಿತದಲ್ಲೇ ಇದೆ ಅಂತ ಅರ್ಥ. ಕೈ ಮುಗಿದು ವಾಪಸ್ ಕೊಡಿ. ಇಲ್ಲಿ ಕೇಳಿಲ್ಲ. ಆನ್ ಮಾಡಿದಾಗ ಎಲ್ಲಕ್ಕಿಂತ ಮೊದಲು ಓಡೋ ಬಯಾಸ್‌ಗೂ ಪಾಸ್‌ವರ್ಡ್ ಇಲ್ಲ.

ಕಿಟಕಿ ಪಕ್ಕ ತಂದಿದೀನಿ. ಸ್ಕ್ರೀನ್ 1920×1080 ಪಿಕ್ಸೆಲ್, ಐಪಿಎಸ್ ಬಗೆಯದು. ಓರೆ ಮಾಡಿದ್ರೂ ಬಣ್ಣ ತಿರುಗಲ್ಲ. ಅಗ್ಗದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈಗ್ಲೂ 1366×768 ಸಿಗುತ್ತೆ. ಒಂದು ಕಡೆ ಪಾಠ, ಇನ್ನೊಂದು ಕಡೆ ಟಿಪ್ಪಣಿ ಇಟ್ಕೊಂಡ್ರೆ ಎರಡೂ ಅರ್ಧಂಬರ್ಧ. ದಿನಾ ಗಂಟೆಗಟ್ಟಲೆ ನೋಡೋ ಮಗು ಕಣ್ಣಿಗೆ ಅದನ್ನ ಕೊಡಬೇಡಿ.

ಈಗ ಬ್ಯಾಟರಿ. ಈ ಕಮಾಂಡ್, ಪವರ್‌ಸಿಎಫ್‌ಜಿ ಸ್ಲ್ಯಾಷ್ ಬ್ಯಾಟರಿರಿಪೋರ್ಟ್, ಸ್ಕ್ರೀನ್ ಮೇಲೆ ಕಾಣ್ತಿದೆ. ಹೊಸದಿದ್ದಾಗ 50 ವ್ಯಾಟ್-ಅವರ್, ಈಗ ಪೂರ್ತಿ ಚಾರ್ಜ್ ಆದ್ರೆ 38. ನೂರಕ್ಕೆ 76. ಓದು-ಬರಹಕ್ಕೆ ಸುಮಾರು 8 ವ್ಯಾಟ್ ಎಳೆಯುತ್ತೆ ಅಂದ್ರೂ ಐದು ಗಂಟೆ ಆಗಲ್ಲ. ಇದು ನನಗೆ ಇಷ್ಟ ಆಗ್ಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಕ್ಲಾಸಲ್ಲಿ ಕೂರೋಳಿಗೆ ಸಾಲಲ್ಲ, ಹೊಸದೇ ವಾಸಿನಾ ಅಂತ ಮತ್ತೆ ಅನ್ನಿಸ್ತು. ಆದ್ರೆ ಈ ಮಾಡೆಲ್‌ನ ಬ್ಯಾಟರಿ ಬಿಡಿಯಾಗಿ ಸಿಗುತ್ತೆ, ಸ್ಕ್ರೂ ಬಿಚ್ಚಿ ಬದಲಾಯಿಸ್ಬಹುದು. ಟೈಪ್-ಸಿ ಚಾರ್ಜರ್ ಹಾಕಿ ನೋಡ್ದೆ, ಚಾರ್ಜ್ ಆಗ್ತಿದೆ. ಎಲ್ಲಾ ಟೈಪ್-ಸಿ ಪೋರ್ಟಲ್ಲೂ ಲ್ಯಾಪ್‌ಟಾಪ್ ಚಾರ್ಜ್ ಆಗಲ್ಲ, ಹಾಕಿಯೇ ನೋಡಿ.

ಕೀಬೋರ್ಡ್ ಪರೀಕ್ಷೆ ತಂಗಿದೇ. ಪ್ರತಿ ಕೀ ಒತ್ತಿ, ಒಂದು ಪುಟ ಟೈಪ್ ಮಾಡಿದಾಳೆ. ತೂಕಕ್ಕೆ ಇನ್ನೂ ಗೊಣಗ್ತಿದಾಳೆ, ಅದು ನ್ಯಾಯವೇ, ಹೊರೋಳು ಅವಳು. ಬ್ಯಾಗಲ್ಲಿ ಹಾಕ್ಕೊಂಡು ಮೆಟ್ಟಿಲು ಹತ್ತಿ ಇಳಿದು ಬಾ, ಆಮೇಲೆ ಹೇಳು ಅಂದೆ. ಹತ್ತಿ ಇಳಿದು ಬಂದು, ಸರಿ ಅಕ್ಕ, ಇದೇ ಇರಲಿ ಅಂದ್ಲು.

ಇದನ್ನೇ ತಗೋತಿದೀವಿ. ಹೊಸದಕ್ಕೆ ಇಟ್ಟಿದ್ದರಲ್ಲಿ ಉಳಿಯೋ ದುಡ್ಡಿಗೆ ಈಗ್ಲೇ ಬ್ಯಾಟರಿ, ಮತ್ತೆ ಇನ್ನೊಂದು 8 ಜಿಬಿ ರ‍್ಯಾಮ್. ಆ ರ‍್ಯಾಮ್ ಡಿಡಿಆರ್4 ಎಸ್‌ಒಡಿಐಎಂಎಂ, 260 ಪಿನ್. ಡಿಡಿಆರ್5ಗೆ 262 ಪಿನ್, ಕಚ್ಚು ಬೇರೆ ಜಾಗದಲ್ಲಿದೆ, ಈ ಸ್ಲಾಟಲ್ಲಿ ಕೂರಲ್ಲ. ಆರ್ಡರ್ ಮಾಡೋಕೆ ಮುಂಚೆ ಹಿಂಬದಿ ಬಿಚ್ಚಿ, ಈಗಿರೋ ರ‍್ಯಾಮ್ ಮೇಲಿನ ಚೀಟಿ ಓದ್ಕೊಂಡೇ ಆರ್ಡರ್ ಮಾಡ್ತೀವಿ.