ಫಿನಾಯಿಲ್ ವಾಸನೆ ಬಂತು, ರೋಗಾಣು ಹೋಯ್ತಾ?

ಎಲ್ಲರಿಗೂ ನಮಸ್ಕಾರ. ಡೈರಿಗೆ ಹಾಲು ಹಾಕಿ ನೇರವಾಗಿ ಇಲ್ಲಿಗೇ ಬಂದಿದ್ದೀರಿ. ಕೆಲವರ ಪಕ್ಕದಲ್ಲಿ ಕ್ಯಾನ್ ಇನ್ನೂ ಇದೆ. ಹಾಗಾಗಿ ಪೀಠಿಕೆ ಬೇಡ.

ಈ ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿದ್ದೇನೆ. ಎರಡರಲ್ಲೂ ನೀರಿಗೆ ಪೊಟ್ಯಾಶಿಯಂ ಪರ್ಮಾಂಗನೇಟಿನ ಒಂದೆರಡು ಹರಳು ಹಾಕಿದ್ದೇನೆ. ಹುಣ್ಣು ತೊಳೆಯೋಕೆ ನೀವೂ ಬಳಸಿರುತ್ತೀರಿ. ನೋಡಿ, ಎಷ್ಟು ಚೆಂದದ ಬಣ್ಣ! ಈಗ ಒಂದು ಲೋಟಕ್ಕೆ ಹುಣಸೆ ಬೀಜದಷ್ಟು ಸಗಣಿ ಹಾಕಿ ಕಲಸುತ್ತೇನೆ. ಇನ್ನೊಂದನ್ನು ಮುಟ್ಟುವುದಿಲ್ಲ. ಅದು ಅಲ್ಲೇ ಇರಲಿ, ಆಮೇಲೆ ನೋಡೋಣ.

ಅಷ್ಟರಲ್ಲಿ ಒಂದು ಹಳೇ ಕಥೆ. 1860ರ ದಶಕದಲ್ಲಿ ಗ್ಲಾಸ್ಗೋ ಊರಿನಲ್ಲಿ ಜೋಸೆಫ್ ಲಿಸ್ಟರ್ ಅನ್ನೋ ಸರ್ಜನ್ ಇದ್ದರು. ಆಗ ಆಪರೇಷನ್ ಸರಿಯಾಗಿ ಆದರೂ ಗಾಯ ಕೊಳೆತು ಜನ ಸಾಯುತ್ತಿದ್ದರು. 1864ರಲ್ಲಿ ಅವರು ಒಂದು ಸುದ್ದಿ ಓದಿದರು. ಕಾರ್ಲೈಲ್ ಎಂಬ ಊರಿನ ಚರಂಡಿ ನೀರಿಗೆ ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸಿ ಹೊಲಕ್ಕೆ ಬಿಡುತ್ತಿದ್ದರಂತೆ. ಗಬ್ಬು ವಾಸನೆ ಹೋಯಿತು. ಆ ಹೊಲದಲ್ಲಿ ಮೇಯುವ ದನಗಳಿಗೆ ಹತ್ತುತ್ತಿದ್ದ ಹುಳಗಳೂ ಸತ್ತವು ಎಂದು ಅದರಲ್ಲಿತ್ತು. ಮರುವರ್ಷ, ಗಾಡಿ ಹರಿದು ಕಾಲು ಮುರಿದಿದ್ದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಲಿಸ್ಟರ್ ಅದೇ ಆಮ್ಲದಲ್ಲಿ ನೆನೆಸಿದ ಬಟ್ಟೆ ಕಟ್ಟಿದರು. ಗಾಯ ಕೊಳೆಯದೆ ವಾಸಿಯಾಯಿತು. ಮನುಷ್ಯರ ಆಪರೇಷನ್ ಥಿಯೇಟರಿಗೆ ದಾರಿ ತೋರಿಸಿದ್ದು ದನ ಮೇಯುವ ಹೊಲ ಅಂತ ನನಗೆ ಸ್ವಲ್ಪ ಜಂಬವೇ ಇದೆ!

ನಮ್ಮ ಕರಿ ಫಿನಾಯಿಲ್ ಅದೇ ಕುಲದ್ದು. ಆದರೆ ನೆಲಕ್ಕೆ ಹಾಕುವುದು ಬೇರೆ, ಮೈಗೆ ಹಚ್ಚುವುದು ಬೇರೆ. ನೆಲದ ಔಷಧಿ ಜೀವಂತ ಚರ್ಮವನ್ನೂ ಸುಡುತ್ತದೆ. ಹಸುವಿನ ಹುಣ್ಣಿಗೆ ಫಿನಾಯಿಲ್ ಸುರಿದು ಕರೆತಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹುಳ ಸಾಯುತ್ತವೆ, ಜೊತೆಗೆ ಮಾಂಸವೂ ಬೇಯುತ್ತದೆ. ಮನೇಲಿ ಬೆಕ್ಕಿದ್ದರೆ ಇನ್ನೂ ಹುಷಾರು. ಈ ಜಾತಿಯ ಔಷಧಿಯನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಕಾಲು ನೆಕ್ಕಿಕೊಂಡರೂ ವಿಷವಾಗಬಹುದು.

ಈಗ ಲೋಟ ನೋಡಿ. ಹಿಂದೆ ಕೂತವರಿಗೂ ಕಾಣಿಸ್ತಿದೆಯಾ? ಸಗಣಿ ಹಾಕಿದ್ದು ಕಂದು ಬಣ್ಣಕ್ಕೆ ತಿರುಗಿದೆ. ಔಷಧಿ ತನ್ನ ಶಕ್ತಿಯನ್ನೆಲ್ಲ ಸಗಣಿಯ ಮೇಲೇ ಖರ್ಚು ಮಾಡಿಕೊಂಡಿತು. ರೋಗಾಣುವಿನ ಪಾಲಿಗೆ ಏನೂ ಉಳಿಯಲಿಲ್ಲ. ಬ್ಲೀಚಿಂಗ್ ಪೌಡರಿಗೂ ಇದೇ ಗತಿ, ಅಯೋಡಿನ್‌ಗೂ ಇದೇ ಗತಿ. ಫಿನಾಯಿಲ್ ಸ್ವಲ್ಪ ತಡೆದುಕೊಳ್ಳುತ್ತದೆ, ಆದರೆ ಸಗಣಿ ಗಡ್ಡೆಯ ಒಳಗೆ ಅದೂ ಇಳಿಯುವುದಿಲ್ಲ. ನಾವು ಮಾಡುವುದೇನು? ಸಗಣಿ ಬಾಚುತ್ತೇವೆ, ಗಂಜಲದ ಮೇಲೇ ಒಂದು ಚೊಂಬು ಸುರಿಯುತ್ತೇವೆ, ಘಂ ಅಂದರೆ ಕೊಟ್ಟಿಗೆ ಶುದ್ಧವಾಯಿತು ಅಂದುಕೊಳ್ಳುತ್ತೇವೆ. ಗಂಜಲಕ್ಕೆ ಬ್ಲೀಚಿಂಗ್ ಪೌಡರ್ ಬಿದ್ದರಂತೂ ಕಣ್ಣು ಮೂಗು ಉರಿಸುವ ಗಾಳಿ ಏಳುತ್ತದೆ. ಅದು ದನಕ್ಕೂ ಕೆಟ್ಟದ್ದು, ನಮಗೂ ಕೆಟ್ಟದ್ದು.

ಮೊದಲು ಬಾಚಿ. ಸೋಪಿನ ನೀರು ಹಾಕಿ ಪೊರಕೆಯಿಂದ ತಿಕ್ಕಿ. ಗೋದಲಿಯ ಮೂಲೆ, ಕಲ್ಲಿನ ಸಂದು ಬಿಡಬೇಡಿ. ತೊಳೆದು ನೀರು ಬಸಿಯಲು ಬಿಡಿ. ಆಮೇಲೆ ಔಷಧಿ. ಹಾಕಿದ ತಕ್ಷಣ ತೊಳೆದುಬಿಡಬೇಡಿ, ಹತ್ತು ನಿಮಿಷವಾದರೂ ನೆಲ ಒದ್ದೆಯಾಗಿರಲಿ. ನಿಜ ಹೇಳಬೇಕೆಂದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಪೊರಕೆಯದ್ದೇ.

ಸೋಪು ಅಂದೆ. ಅದರಲ್ಲೂ ಒಂದು ತೊಡಕಿದೆ. ಸಾವ್ಲಾನ್‌ನಂಥ ಔಷಧಿಗೂ ಸೋಪಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಸೋಪು ಉಳಿದಿದ್ದರೆ ಔಷಧಿ ಕೆಲಸ ಮಾಡುವುದಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಸೋಪಿನ ಬಕೆಟ್ಟಿಗೇ ಸಾವ್ಲಾನ್ ಹಾಕಿ, ಎರಡು ಕೆಲಸ ಒಂದೇ ಸಲ ಆಯಿತು ಅಂತ ಬೀಗುತ್ತಿದ್ದೆ. ಎರಡೂ ಆಗುತ್ತಿರಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಬೋರ್‌ವೆಲ್ ಗಡಸು ನೀರು ಕೂಡ ಇಂಥ ಔಷಧಿಯ ಬಲ ಕುಗ್ಗಿಸುತ್ತದೆ.

ಇನ್ನು ಕಾಲುಬಾಯಿ ಜ್ವರ. ಇಲ್ಲಿ ನನ್ನದೇ ಇನ್ನೊಂದು ತಪ್ಪು ಹೇಳಿಬಿಡುತ್ತೇನೆ. ಒಂದು ಊರಲ್ಲಿ ರೋಗ ಬಂದಾಗ ಬೀದಿಗೆಲ್ಲ ಫಿನಾಯಿಲ್ ಹೊಡೆಸಿದೆ. ಊರೆಲ್ಲ ಆಸ್ಪತ್ರೆಯ ವಾಸನೆ. ರೋಗ ಮಾತ್ರ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುತ್ತಲೇ ಇತ್ತು. ಒಬ್ಬರು ಅಜ್ಜಿ, "ಏನಪ್ಪಾ ಡಾಕ್ಟ್ರೇ, ವಾಸನೆಗೆ ಸೊಳ್ಳೇನೂ ಹೋಗ್ಲಿಲ್ಲ" ಅಂದರು. ಕೆಲವು ವೈರಸ್‌ಗಳ ಮೈಮೇಲೆ ಜಿಡ್ಡಿನ ಹೊದಿಕೆ ಇರುತ್ತದೆ. ಅದನ್ನು ಕರಗಿಸಿದರೆ ಅವು ಸಾಯುತ್ತವೆ. ಕಾಲುಬಾಯಿ ವೈರಸ್‌ಗೆ ಆ ಹೊದಿಕೆಯೇ ಇಲ್ಲ. ಅದಕ್ಕೇ ಫಿನಾಯಿಲ್ಲಿಗೂ ಸಾವ್ಲಾನಿಗೂ ಅದು ಅಷ್ಟಾಗಿ ಬಗ್ಗುವುದಿಲ್ಲ. ಆದರೆ ಅದಕ್ಕೆ ಹುಳಿ ಕಂಡರೂ ಆಗದು, ಕ್ಷಾರ ಕಂಡರೂ ಆಗದು. ಹತ್ತು ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಸಾಕು. ಬಟ್ಟೆ ಒಗೆಯುವ ಸೋಡಾ, ಅಡುಗೆ ಸೋಡಾ ಅಲ್ಲ. ಬಾಗಿಲಲ್ಲಿ ಗೋಣಿಚೀಲ ಹಾಸಿ ಈ ನೀರಲ್ಲಿ ನೆನೆಸಿಡಿ. ಹೋಗುವವರು ಬರುವವರು ಚಪ್ಪಲಿ ಮಣ್ಣು ತೊಳೆದು ಅದರ ಮೇಲೆ ನಿಂತು ಬರಲಿ. ಡಾಕ್ಟರೂ ಅಷ್ಟೇ! ದಿನದಲ್ಲಿ ಹತ್ತು ಕೊಟ್ಟಿಗೆ ತಿರುಗುವವರು ನಾವೇ ಅಲ್ವಾ? ಹಾಗಂತ ಸೋಡಾ ಇದೆಯಲ್ಲ ಅಂತ ಆರು ತಿಂಗಳಿಗೊಮ್ಮೆಯ ಲಸಿಕೆ ತಪ್ಪಿಸಬೇಡಿ.

ಕೆಚ್ಚಲು ಬಾವು ರೋಗಕ್ಕೆ ಬರೋಣ. ಹಾಲು ಕರೆದ ಮೇಲೆ ತೊಟ್ಟಿನ ತೂತು ಅರ್ಧ ಗಂಟೆಯಾದರೂ ತೆರೆದಿರುತ್ತದೆ. ಹಸು ಆಗಲೇ ಸಗಣಿ ಮೇಲೆ ಮಲಗಿದರೆ ರೋಗಾಣುವಿಗೆ ನಾವೇ ಬಾಗಿಲು ತೆರೆದುಕೊಟ್ಟ ಹಾಗೆ. ಅದಕ್ಕೆ ಕರೆದ ತಕ್ಷಣ ನಾಲ್ಕೂ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಬೇಕು. ತೊಟ್ಟಿಗೆಂದೇ ಮಾಡಿದ, ಗ್ಲಿಸರಿನ್ ಸೇರಿಸಿದ ದ್ರಾವಣ ಸಿಗುತ್ತದೆ. ಅದರಲ್ಲಾದರೆ ಚರ್ಮ ಬಿರುಕು ಬಿಡುವುದಿಲ್ಲ. ಆಮೇಲೆ ಹಸಿ ಮೇವು ಹಾಕಿ. ತಿನ್ನುತ್ತಾ ನಿಂತಿರುತ್ತದೆ. ಬಟ್ಟಲಲ್ಲಿ ಉಳಿದದ್ದನ್ನು ಉಳಿತಾಯ ಅಂತ ಬಾಟಲಿಗೆ ವಾಪಸ್ ಸುರಿಯಬೇಡಿ. ಕಂದು ಬಣ್ಣ ಮಾಸಿದರೆ ಶಕ್ತಿಯೂ ಮುಗಿದಿದೆ ಅಂತಲೇ.

ಯಾವ ಬಾಟಲಿಯೂ ನಿಮ್ಮ ಕೈ ಹಿಡಿಯದ ಒಂದು ರೋಗ ಇದೆ, ನೆರಡಿ, ಅಂದರೆ ಆಂಥ್ರಾಕ್ಸ್. ದನ ಇದ್ದಕ್ಕಿದ್ದಂತೆ ಸತ್ತು, ಮೂಗಿಂದಲೋ ಹಿಂಬದಿಯಿಂದಲೋ ಹೆಪ್ಪುಗಟ್ಟದ ಕರಿ ರಕ್ತ ಬಂದಿದ್ದರೆ ಅದನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ. ಒಳಗಿನ ರೋಗಾಣುವಿಗೆ ಗಾಳಿ ತಾಗಿದರೆ ಗಟ್ಟಿ ಕವಚ ತೊಟ್ಟುಕೊಂಡು ಸ್ಪೋರ್ ಆಗುತ್ತದೆ. ಅದು ಸ್ಪಿರಿಟ್‌ಗೆ ಸಾಯುವುದಿಲ್ಲ. ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ. ನಾಯಿ, ಕಾಗೆ ಹತ್ತಿರ ಬರದಂತೆ ಕಾದು ನಮಗೆ ಫೋನ್ ಮಾಡಿ.

ಸಾಕು, ಮಾತು ಜಾಸ್ತಿಯಾಯಿತು. ಈಗ ಎಲ್ಲರೂ ಹಿಂದಿನ ಕೊಟ್ಟಿಗೆಗೆ ಬನ್ನಿ. ಬೆಳಗ್ಗೆಯಿಂದ ತೊಳೆಯಬೇಡಿ ಅಂತ ಹೇಳಿ ಹಾಗೇ ಬಿಡಿಸಿದ್ದೇನೆ. ಎರಡು ಪೊರಕೆ ಇವೆ, ಒಂದು ನನಗೆ.