ತರಗತಿಗೂ ಬಯಲಿಗೂ ಒಂದೇ ಪ್ರೊಜೆಕ್ಟರ್

ಕೇಳುಗರಿಗೆ ನಮಸ್ಕಾರ. ಹಗಲು ಪಾಠಕ್ಕೂ, ಶನಿವಾರ ಸಂಜೆ ಅಂಗಳದಲ್ಲಿ ಮಕ್ಕಳಿಗೆ ಸಿನಿಮಾ ತೋರಿಸುವುದಕ್ಕೂ ಒದಗುವ, ಕೈಗೆಟುಕುವ ಬೆಲೆಯ ಪ್ರೊಜೆಕ್ಟರ್ ಯಾವುದೆಂದು ಬೆಂಗಳೂರಿನ ಸಣ್ಣ ಶಾಲೆಗಳವರು ಕೇಳುವುದುಂಟು. ತರಗತಿಗೆ ಒಪ್ಪುವಂಥದ್ದನ್ನು ಕೊಂಡರೆ ಅದು ಬಯಲಿಗೂ ಸಾಕಾಗುತ್ತದೆ, ಬಯಲಿಗೆಂದೇ ಕೊಂಡದ್ದು ತರಗತಿಗೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದೇ ಹೊರತು ಕಪ್ಪನ್ನು ಚೆಲ್ಲಲಾರದು. ಚಿತ್ರದಲ್ಲಿ ಕಪ್ಪಾಗಿ ಕಾಣುವ ಭಾಗವೆಂದರೆ ಯಂತ್ರದ ಬೆಳಕು ಬೀಳದೆ ಉಳಿದ ಪರದೆ ಅಷ್ಟೆ. ಕಿಟಕಿಯಿಂದ ಬಂದ ಬಿಸಿಲು ಆ ಭಾಗವನ್ನು ಬೆಳಗಿಸಿಬಿಟ್ಟರೆ ಅಕ್ಷರವೂ ಹಿನ್ನೆಲೆಯೂ ಒಂದೇ ಆಗುತ್ತವೆ. 2 ಮೀಟರ್ ಅಗಲ, 1.25 ಮೀಟರ್ ಎತ್ತರದ ಪರದೆಯನ್ನು ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ 2.5 ಚದರ ಮೀಟರ್. ಯಂತ್ರ ಚೆಲ್ಲುವ ಒಟ್ಟು ಬೆಳಕನ್ನು ಲ್ಯೂಮೆನ್‌ನಲ್ಲಿ ಅಳೆಯುತ್ತಾರೆ. ಆ ಪರದೆಯ ಮೇಲೆ 3,300 ಲ್ಯೂಮೆನ್ ಬೆಳಕು ಬಿದ್ದರೆ ಪ್ರತಿ ಚದರ ಮೀಟರಿಗೆ 1,320 ಲ್ಯೂಮೆನ್, ಅಂದರೆ 1,320 ಲಕ್ಸ್ ಸಿಗುತ್ತದೆ. ಕೋಣೆಯ ಬೆಳಕೇ ಪರದೆಯ ಮೇಲೆ 300 ಲಕ್ಸ್ ಇದ್ದರೂ ಬಿಳುಪು ಕಪ್ಪಿಗಿಂತ ಐದು ಪಟ್ಟಿಗೂ ಹೆಚ್ಚು ಪ್ರಕಾಶವಾಗಿರುತ್ತದೆ, ಪಾಠ ಓದಲು ಬರುತ್ತದೆ. ಅದೇ ಕೋಣೆಯಲ್ಲಿ 200 ಲ್ಯೂಮೆನ್‌ನ ಪುಟ್ಟ ಯಂತ್ರ ಕೊಡುವುದು ಕೇವಲ 80 ಲಕ್ಸ್; ಹಿಂದಿನ ಬೆಂಚಿನ ಮಗುವಿಗೆ ಕಾಣುವುದು ಮಸುಕು ಗೋಡೆ ಮಾತ್ರ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿದ ಸಂಖ್ಯೆಯನ್ನು ನಂಬಿ ಹಣ ಕೊಡಬೇಡಿ. ಕೆಲವು ಸಾವಿರ ರೂಪಾಯಿಯ ಯಂತ್ರದ ಮೇಲೂ 9,000 ಲ್ಯೂಮೆನ್ ಎಂದು ಬರೆದಿರುವುದುಂಟು. ಪ್ರೊಜೆಕ್ಟರ್ ಬೆಳಕನ್ನು ಅಳೆಯುವ ಒಪ್ಪಿತ ಕ್ರಮಗಳಾದ ಆನ್ಸಿ ಲ್ಯೂಮೆನ್ ಅಥವಾ ಐಎಸ್ಒ 21118 ಮಾನದಂಡದಂತೆ ಅಳೆದದ್ದೆಂದು ಹೇಳದ ಸಂಖ್ಯೆಗೆ ಅರ್ಥವಿಲ್ಲ. ‘ಫೋರ್ ಕೆ ಸಪೋರ್ಟ್’, ಅಂದರೆ ಅತಿ ಸ್ಪಷ್ಟವಾದ ವೀಡಿಯೊಗೂ ಒಗ್ಗುತ್ತದೆ ಎಂಬ ಮಾತೂ ಹಾಗೆಯೇ: ಯಂತ್ರ ಅಂಥ ವೀಡಿಯೊವನ್ನು ಒಳಗೆ ತೆಗೆದುಕೊಳ್ಳುತ್ತದೆಯೇ ಹೊರತು ಹೊರಗೆ ತೋರಿಸುವುದು ತನ್ನ ನಿಜವಾದ, ಅಂದರೆ ನೇಟಿವ್ ರೆಸಲ್ಯೂಶನ್‌ನಲ್ಲೇ. ರೆಸಲ್ಯೂಶನ್ ಎಂದರೆ ಚಿತ್ರದ ಅಗಲದಲ್ಲೂ ಎತ್ತರದಲ್ಲೂ ಇರುವ ಚುಕ್ಕಿಗಳ, ಅಂದರೆ ಪಿಕ್ಸೆಲ್‌ಗಳ ಸಂಖ್ಯೆ. ಅದು 854 ಅಡ್ಡ 480 ಮಾತ್ರ ಇರುವ ಯಂತ್ರಗಳು ಬಹಳ ಇವೆ. ನಮ್ಮ ಲಿಪಿಯನ್ನು ಇಟ್ಟುಕೊಂಡೇ ಇದನ್ನು ಪರೀಕ್ಷಿಸಬಹುದು. ಏಳನೆಯ ತರಗತಿಯ ಸಮಾಜ ವಿಜ್ಞಾನದ ಪುಟವೊಂದನ್ನು ಪರದೆಗೆ ಹಾಕಿ, ಕೊನೆಯ ಬೆಂಚಿನಲ್ಲಿ ಕುಳಿತು ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ಪದಗಳ ಒತ್ತಕ್ಷರಗಳನ್ನು ನೋಡಿ. ಟಕಾರದ ಒತ್ತೂ ರಕಾರದ ಒತ್ತೂ ಕಲೆತು ಒಂದು ಮುದ್ದೆಯಂತೆ ಕಂಡರೆ ಆ ಯಂತ್ರ ಕನ್ನಡ ಶಾಲೆಗೆ ಸಲ್ಲದು. ಪಾಠಕ್ಕೆ 1280 ಅಡ್ಡ 800 ಸಾಕು; ಹಣ ಉಳಿದರೆ ಅದನ್ನು ಇನ್ನೂ ಹೆಚ್ಚಿನ ರೆಸಲ್ಯೂಶನ್‌ಗಿಂತ ಬೆಳಕಿನ ಮೇಲೆ ಹಾಕುವುದು ಒಳ್ಳೆಯದು.

ಅಂಗಡಿಗೆ ಹೋಗುವ ಮೊದಲು ಕೋಣೆಯನ್ನು ಟೇಪಿನಲ್ಲಿ ಅಳೆದುಕೊಳ್ಳಿ. ಯಂತ್ರ ಪರದೆಯಿಂದ ಇರಬೇಕಾದ ದೂರ ಚಿತ್ರದ ಅಗಲದ ಎಷ್ಟು ಪಟ್ಟು ಎಂಬುದೇ ಥ್ರೋ ರೇಷಿಯೋ. ಅದು 1.5 ಇದ್ದರೆ 2 ಮೀಟರ್ ಅಗಲದ ಚಿತ್ರಕ್ಕೆ ಯಂತ್ರ 3 ಮೀಟರ್ ದೂರವಿರಬೇಕು. ಯಂತ್ರವನ್ನು ಓರೆಯಾಗಿಟ್ಟು, ಓರೆಯಾದ ಚಿತ್ರವನ್ನು ತಿದ್ದುವ ಕೀಸ್ಟೋನ್ ಗುಂಡಿ ಒತ್ತಿ ಅದನ್ನು ಚೌಕ ಮಾಡಿದರೆ ಒಂದಷ್ಟು ಪಿಕ್ಸೆಲ್‌ಗಳು ವ್ಯರ್ಥವಾಗುತ್ತವೆ. ಆದ್ದರಿಂದ ನೇರವಾಗಿ ಇಡುವುದೇ ಮೇಲು.

ಬಯಲಿನಲ್ಲಿ ಕತ್ತಲೆ ಪುಕ್ಕಟೆಯಾಗಿ ಸಿಗುತ್ತದೆ. ಅದೇ 3,300 ಲ್ಯೂಮೆನ್ ಬೆಳಕನ್ನು 4 ಮೀಟರ್ ಅಗಲ, 2.25 ಮೀಟರ್ ಎತ್ತರದ ಬಿಳಿ ಪರದೆಗೆ ಹರಡಿದರೂ 360 ಲಕ್ಸಿಗಿಂತ ಹೆಚ್ಚು ಉಳಿಯುತ್ತದೆ. ಚಿತ್ರಮಂದಿರದ ಸಾಮಾನ್ಯ ಪರದೆಗೆ ಬೇಕಾಗುವುದೇ ಸುಮಾರು 150 ಲಕ್ಸ್. ಬೆಂಗಳೂರಿನಲ್ಲಿ ಜೂನ್ ತಿಂಗಳಲ್ಲೂ ಸಂಜೆ 7ರ ಒಳಗೆ ಸೂರ್ಯ ಮುಳುಗುವುದರಿಂದ ಏಳೂಕಾಲಿಗೆ ಆರಂಭಿಸಿದರೆ ಎರಡೂವರೆ ಗಂಟೆಯ ಚಿತ್ರ 10ರೊಳಗೆ ಮುಗಿಯುತ್ತದೆ. ಇದು ಮುಖ್ಯ, ಏಕೆಂದರೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಉಳಿದ ಹೊತ್ತಿನಲ್ಲೂ ಅನುಮತಿ ಬೇಕು. ಯಂತ್ರದೊಳಗಿನ ಸ್ಪೀಕರ್ ಅಂಗಳಕ್ಕೆ ಸಾಲದಾದ್ದರಿಂದ ಹೊರಗಿನ ಸ್ಪೀಕರಿಗೂ ಸ್ವಲ್ಪ ಹಣ ಎತ್ತಿಡಿ. ಶಾಲೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ಮಕ್ಕಳು, ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರಿಗಷ್ಟೇ ಸಿನಿಮಾ ತೋರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಬಡಾವಣೆಯವರನ್ನೆಲ್ಲ ಕರೆಯುವುದಾದರೆ ಹಕ್ಕುದಾರರ ಒಪ್ಪಿಗೆ ಪಡೆಯಬೇಕು.

ಹೊಸದರ ಬೆಲೆ ಭಾರವೆನಿಸಿದರೆ ಕಚೇರಿಗಳು ಬಳಸಿ ಬಿಟ್ಟ ಒಳ್ಳೆಯ ಕಂಪನಿಯ ಯಂತ್ರವನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಬಹುದು. ಬೆಳಕಿಲ್ಲದ ಹೊಸದಕ್ಕಿಂತ ಬೆಳಕಿರುವ ಹಳೆಯದನ್ನೇ ನಾನು ಆರಿಸುತ್ತೇನೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯಂಥ ಕಡೆ ಕೊಳ್ಳುವಾಗ ಮೆನುವಿನಲ್ಲಿ ದೀಪ ಎಷ್ಟು ಗಂಟೆ ಉರಿದಿದೆಯೆಂದು ತೆರೆಸಿ ನೋಡಿ. ಬಳಿಕ ಪರದೆಯ ತುಂಬ ಬರಿಯ ಬಿಳಿ, ಆಮೇಲೆ ಬರಿಯ ಕಪ್ಪು ಹಾಕಿಸಿ. ಪುಟ್ಟ ಫಲಕಗಳ ಮೂಲಕ ಬೆಳಕು ಹಾಯಿಸುವ ಎಲ್‌ಸಿಡಿ, ಸಣ್ಣ ಕನ್ನಡಿಗಳಿಂದ ಬೆಳಕು ಪ್ರತಿಫಲಿಸುವ ಡಿಎಲ್‌ಪಿ ಎಂಬ ಎರಡು ಬಗೆಯ ಯಂತ್ರಗಳು ಸಾಮಾನ್ಯ. ಬಿಳಿಯಲ್ಲಿ ಹಳದಿ ಕಲೆ ಕಂಡರೆ ಎಲ್‌ಸಿಡಿ ಯಂತ್ರದ ಒಳಭಾಗ ಬಿಸಿಗೆ ಕೆಟ್ಟಿರಬಹುದು. ಕಪ್ಪಿನಲ್ಲಿ ಬಿಳಿ ಚುಕ್ಕಿಗಳಿದ್ದರೆ ಡಿಎಲ್‌ಪಿ ಯಂತ್ರದ ಸಣ್ಣ ಕನ್ನಡಿಗಳು ಕೆಟ್ಟಿವೆ ಎಂದೇ ಲೆಕ್ಕ. ಬದಲಿ ದೀಪ ಈಗಲೂ ಸಿಗುತ್ತದೆಯೇ, ಅದರ ಬೆಲೆ ಎಷ್ಟು ಎಂಬುದನ್ನು ಕೇಳಿ ಒಟ್ಟು ಲೆಕ್ಕಕ್ಕೆ ಸೇರಿಸಿಕೊಳ್ಳಿ. ದೀಪದ ವಾರಂಟಿ ಯಂತ್ರದ ವಾರಂಟಿಗಿಂತ ಕಡಿಮೆ ಅವಧಿಯದಾಗಿರುವುದುಂಟು. ಎರಡನ್ನೂ ಬೇರೆ ಬೇರೆಯಾಗಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಮಸ್ಕಾರ.