ವರ್ಷಕ್ಕೆ ಎಷ್ಟು ಸಂಚಿಕೆ?

ಕೇಳುಗರಿಗೆ ನಮಸ್ಕಾರ.

ಒಂದು ಪತ್ರಿಕೆಗೆ ಚಂದಾ ಕಟ್ಟಲು ಹೊರಟಿದ್ದೀರಿ. ಮುಖಪುಟದಲ್ಲಿ ಇಂಗ್ಲಿಷಿನಲ್ಲಿ 'ಬೈವೀಕ್ಲಿ' ಎಂದಿದೆ. ಅದು ವಾರಕ್ಕೆ ಎರಡು ಸಲ ಬರುತ್ತದೋ, ಎರಡು ವಾರಕ್ಕೊಮ್ಮೆಯೋ? ನಿಘಂಟು ತೆರೆದರೆ ಎರಡು ಅರ್ಥವೂ ಅಲ್ಲೇ ಇವೆ. ಮೊದಲನೆಯದಾದರೆ ವರ್ಷಕ್ಕೆ 104 ಸಂಚಿಕೆ, ಎರಡನೆಯದಾದರೆ 26. ದುಡ್ಡು ಕೊಡುವವರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ?

'ಬೈಮಂತ್ಲಿ'ಯದೂ ಇದೇ ಪಾಡು. 24 ಸಂಚಿಕೆಯೂ ಆಗಬಹುದು, ಬರೀ 6 ಕೂಡ ಆಗಬಹುದು. ವರ್ಷದ ಲೆಕ್ಕಕ್ಕೆ ಮಾತ್ರ ಎರಡು ಬೇರೆ ಪದಗಳಿವೆ. ವರ್ಷಕ್ಕೆ ಎರಡು ಸಲ ಬಂದರೆ 'ಬೈಯಾನ್ಯುಯಲ್', ಎರಡು ವರ್ಷಕ್ಕೊಮ್ಮೆ ಬಂದರೆ 'ಬೈಯೆನಿಯಲ್'. ಕೇಳಲು ಎರಡೂ ಒಂದೇ ಥರ ಇರುವುದರಿಂದ ಸುಲಭವಾಗಿ ಅದಲುಬದಲಾಗುತ್ತವೆ.

ತೊಂದರೆ ಇರುವುದು ಆ 'ಬೈ' ಎಂಬ ತುಣುಕಿನಲ್ಲಿ. ಅದು ಎರಡು ಎಂದಷ್ಟೇ ಹೇಳುತ್ತದೆ. ಎರಡು ಸಂಚಿಕೆಯೋ, ಎರಡು ವಾರವೋ ಹೇಳುವುದಿಲ್ಲ. ಇದಕ್ಕೆ ಬದಲಾಗಿ ಇಂಗ್ಲಿಷಿನಲ್ಲಿ 'ಸೆಮಿ' ಎಂಬ ಇನ್ನೊಂದು ತುಣುಕಿದೆ. 'ಸೆಮಿ' ಎಂದರೆ ಅರ್ಧ. ಸೆಮಿವೀಕ್ಲಿ ಎಂದರೆ ಅರ್ಧ ವಾರಕ್ಕೊಂದು, ಅಂದರೆ ವಾರಕ್ಕೆ ಎರಡು. ಅನುಮಾನಕ್ಕೆ ಜಾಗವೇ ಇಲ್ಲ. ಆದರೂ ಈ ಪದದ ಬಳಕೆ ಕಡಿಮೆ.

ಗ್ರಂಥಪಾಲಕರು ಇದಕ್ಕೊಂದು ಒಳ್ಳೆಯ ದಾರಿ ಮಾಡಿಕೊಂಡಿದ್ದಾರೆ. ಗ್ರಂಥಾಲಯದ ಪುಸ್ತಕ, ಪತ್ರಿಕೆಗಳ ವಿವರವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ 'ಮಾರ್ಕ್ 21' ಎಂಬ ಪದ್ಧತಿಯಲ್ಲಿ ಪ್ರತಿ ಅವಧಿಗೂ ಒಂದೊಂದು ಅಕ್ಷರ ಇದೆ. ವಾರಕ್ಕೆ ಎರಡು ಸಲ ಬಂದರೆ 'ಸಿ', ಎರಡು ವಾರಕ್ಕೊಮ್ಮೆಯಾದರೆ 'ಇ'. ತಿಂಗಳಿಗೆ ಎರಡು ಸಲಕ್ಕೆ 'ಎಸ್', ಎರಡು ತಿಂಗಳಿಗೊಮ್ಮೆಗೆ 'ಬಿ'. ಇದು ಸುಮ್ನೆ ಅಚ್ಚುಕಟ್ಟಿಗಾಗಿ ಮಾಡಿದ್ದಲ್ಲ. ಮುಂದಿನ ಸಂಚಿಕೆ ಯಾವಾಗ ಬರಬೇಕು ಎಂದು ಗೊತ್ತಿದ್ದರೆ ತಾನೇ, ಬಾರದೆ ಹೋದದ್ದನ್ನು ಕೇಳಿ ತರಿಸಿಕೊಳ್ಳಲು ಆಗುವುದು?

ಕನ್ನಡದಲ್ಲಿ ನಾವು ಎಷ್ಟೋ ವಾಸಿ. ತ್ರೈಮಾಸಿಕ ಎಂದರೆ ತಿಂಗಳಿಗೆ ಮೂರು ಸಲ ಎಂದು ಯಾರೂ ತಿಳಿಯುವುದಿಲ್ಲ. ದ್ವೈಮಾಸಿಕವೂ ಹಾಗೆಯೇ, ಎರಡು ತಿಂಗಳಿಗೊಂದು. ಇಲ್ಲಿ ಅಂಕಿ ಲೆಕ್ಕ ಹಾಕುವುದು ತಿಂಗಳನ್ನು, ಸಂಚಿಕೆಯನ್ನಲ್ಲ. ಇಂಗ್ಲಿಷಿನಿಂದ ಅನುವಾದ ಮಾಡುವವರು ಮಾತ್ರ ಹುಷಾರಾಗಿರಬೇಕು. ವರ್ಷಕ್ಕೆ ಎರಡು ಸಲ ಬರುವ ಪತ್ರಿಕೆಯನ್ನು ದ್ವೈವಾರ್ಷಿಕ ಎಂದು ಬರೆದರೆ, ಓದುಗ ಎರಡು ವರ್ಷ ಕಾಯುತ್ತಾನೆ! ಅದು ಅರ್ಧವಾರ್ಷಿಕ.

ನಮ್ಮಲ್ಲಿ ಗೊಂದಲ ಇರುವುದು 'ಪಾಕ್ಷಿಕ'ದಲ್ಲಿ. ತಿಂಗಳಿಗೆ ಎರಡು ಪಕ್ಷ. ಪತ್ರಿಕೆ ಪ್ರತಿ ತಿಂಗಳ 1 ಮತ್ತು 15ನೇ ತಾರೀಕು ಬಂದರೆ ವರ್ಷಕ್ಕೆ 24 ಸಂಚಿಕೆ. ಎರಡು ವಾರಕ್ಕೊಮ್ಮೆ, ವಾರದ ಅದೇ ದಿನ ಬಂದರೆ 26. ಎರಡನ್ನೂ ಪಾಕ್ಷಿಕ ಎಂದೇ ಕರೆಯುತ್ತೇವೆ. ನಾಲ್ಕು ವಾರಕ್ಕೊಮ್ಮೆ ಬರುವುದನ್ನು ಮಾಸಿಕ ಎಂದರೂ ಹೀಗೇ. ಅದು 12 ಅಲ್ಲ, 13 ಸಲ ಬರುತ್ತದೆ.

ಪತ್ರಿಕೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಪಾಕ್ಷಿಕ, ಬೈಮಂತ್ಲಿ ಏನೇ ಹಾಕಿಕೊಳ್ಳಿ, ಪಕ್ಕದಲ್ಲಿ 'ವರ್ಷಕ್ಕೆ ಇಷ್ಟು ಸಂಚಿಕೆ, ಇಂಥ ತಾರೀಕು' ಎಂದೂ ಅಚ್ಚು ಹಾಕಿ. ಎರಡು ತಿಂಗಳದ್ದನ್ನು ಸೇರಿಸಿ ಜೋಡಿ ಸಂಚಿಕೆ ತರುವ ರೂಢಿ ಇದ್ದರೆ, ಚಂದಾದ ಲೆಕ್ಕದಲ್ಲಿ ಅದು ಒಂದೋ ಎರಡೋ ಎಂಬುದನ್ನೂ ಮೊದಲೇ ತಿಳಿಸಿ.

ನಮಸ್ಕಾರ.